ಅರ್ಧ ಗಂಟೆ ಕೆಲಸ

ನಮ್ಮ ವೃತ್ತಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಾನು 'ಅಷ್ಟೇ' ಎನ್ನುತ್ತೇನೆ. 'ಇಲ್ಲೊಂದು ಬಟನ್ ಸೇರಿಸಬೇಕು, ಅಷ್ಟೇ.' 'ಆ ರಿಪೋರ್ಟಿನಲ್ಲಿ ಇನ್ನೊಂದು ಕಾಲಂ, ಅಷ್ಟೇ.' ಹೀಗೆ ಹೇಳುವವರು ಯಾರೂ ಆ ಬಟನ್ನನ್ನಾಗಲಿ ಕಾಲಮ್ಮನ್ನಾಗಲಿ ತಾವು ಸೇರಿಸುವವರಲ್ಲ. ಸೇರಿಸಬೇಕಾದ ಹುಡುಗಿ ಮೀಟಿಂಗಿನ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾಳೆ. ಅವಳ ಕೆಲಸಕ್ಕೆ ಎಷ್ಟು ಗಂಟೆ ಬೇಕು ಎಂದು ಎಕ್ಸೆಲ್ಲಿನಲ್ಲಿ ತುಂಬುವವನು ನಾನು, ಅದನ್ನು ಡಾಲರಿನಿಂದ ಗುಣಿಸಿ ಗಿರಾಕಿಗೆ ಕಳಿಸುವವರು ಇನ್ಯಾರೋ. ಹದಿನೆಂಟು ವರ್ಷಗಳಿಂದ ಪುಣೆಯಲ್ಲಿ ನಾನು ಉಣ್ಣುತ್ತಿರುವುದೇ ಈ ಗುಣಾಕಾರದಿಂದ. ಹಾಗಾಗಿ ಅದನ್ನು ಹಳಿಯುವ ಇರಾದೆ ಇಲ್ಲ. ಆದರೆ ಒಬ್ಬ ಮನುಷ್ಯನ ಅರ್ಧ ಗಂಟೆಗೆ ಬೆಲೆ ಕಟ್ಟುವುದು ಹೇಗೆ, ಕಟ್ಟುವ ಅಧಿಕಾರ ಯಾರದು ಎಂಬ ಪ್ರಶ್ನೆ ಈ ಮಳೆಗಾಲದಲ್ಲಿ ನನ್ನನ್ನು ಆಫೀಸಿನ ಹೊರಗೆ, ಕಾರಿನ ಹಿಂಬಾಗಿಲಿನ ಒಂದು ಗಾಜಿನ ದೆಸೆಯಿಂದ ಹಿಡಿದು ನಿಲ್ಲಿಸಿತು.

ನಡೆದದ್ದು ಸಣ್ಣ ಸಂಗತಿ. ನಮ್ಮ ಸೊಸೈಟಿಯ ಅಂಗಳದಲ್ಲಿ ಹುಲ್ಲು ಕತ್ತರಿಸುವ ಮಷೀನು ಓಡುತ್ತಿತ್ತು. ಹೆಗಲಿಗೆ ನೇತುಹಾಕಿಕೊಂಡು ನಡೆಯುವ, ತುದಿಯಲ್ಲಿ ನೈಲಾನ್ ತಂತಿ ಗಿರ್ರನೆ ತಿರುಗುವ ಮಷೀನು. ಅದಕ್ಕೆ ಸಿಕ್ಕಿದ ಕಡಲೆಕಾಳಿನಷ್ಟು ಕಲ್ಲೊಂದು ಹಾರಿ ನನ್ನ ಹನ್ನೊಂದು ವರ್ಷದ ಹಳೆಯ ಕಾರಿನ ಹಿಂದಿನ ಎಡಬಾಗಿಲಿಗೆ ಬಡಿಯಿತು. ಇಡೀ ಗಾಜು ಒಂದೇ ಸಲಕ್ಕೆ ಸಕ್ಕರೆಯ ಹಾಗೆ ಉದುರಿತು.

ಹೀಗೇಕೆ ಉದುರುತ್ತದೆ ಎಂಬುದು ತಿಳಿಯಬೇಕಾದ ವಿಷಯ. ಕಾರಿನ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು. ಕಲ್ಲು ಬಿದ್ದರೆ ಜೇಡರ ಬಲೆಯಂತೆ ಬಿರುಕುಬಿಟ್ಟು ನಿಂತಲ್ಲೇ ನಿಲ್ಲುತ್ತದೆ. ಬಾಗಿಲಿನ ಗಾಜನ್ನು ಸಾಮಾನ್ಯವಾಗಿ ಬೇರೆ ರೀತಿ ಮಾಡುತ್ತಾರೆ. 600 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ, ಎರಡೂ ಬದಿಗೆ ಗಾಳಿ ಊದಿ ಒಮ್ಮೆಲೇ ತಣಿಸುತ್ತಾರೆ. ಹೊರಮೈ ಮೊದಲು ಬಿಗಿದುಕೊಳ್ಳುತ್ತದೆ. ಒಡಲು ಆಮೇಲೆ ತಣಿಯುತ್ತ, ಕುಗ್ಗಲು ಹವಣಿಸುತ್ತ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಮೈ ಸದಾ ಒತ್ತಡದಲ್ಲಿ, ಒಡಲು ಸದಾ ಎಳೆತದಲ್ಲಿ ಇರುತ್ತವೆ. ಆ ಜಗ್ಗಾಟದಿಂದಲೇ ಗಾಜಿಗೆ ಬಲ ಬರುವುದು. ಕಲ್ಲು ಹೊರಮೈಯನ್ನು ಭೇದಿಸಿ ಒಡಲನ್ನು ಮುಟ್ಟಿತೋ, ವರ್ಷಗಟ್ಟಲೆ ಹಿಡಿದಿಟ್ಟ ಎಳೆತವೆಲ್ಲ ಒಂದೇ ಕ್ಷಣದಲ್ಲಿ ಬಿಡುಗಡೆಯಾಗಿ ಹರಳು ಹರಳಾಗಿ ಒಡೆಯುತ್ತದೆ. ಉದ್ದನೆಯ ಚೂಪು ಚೂರುಗಳು ಒಳಗೆ ಕೂತವರ ಕುತ್ತಿಗೆಗೆ ಚುಚ್ಚದಿರಲಿ ಎಂದೇ ಈ ವ್ಯವಸ್ಥೆ. ಇಂಥ ಗಾಜನ್ನು ಆಮೇಲೆ ಕತ್ತರಿಸಿ ಅಳತೆಗೆ ಹೊಂದಿಸಲಿಕ್ಕೂ ಬರುವುದಿಲ್ಲ. ಆ ಮಾದರಿಯ ಕಾರಿನ ಆ ಬಾಗಿಲಿಗೆಂದೇ ಮಾಡಿದ ಗಾಜು ತರಬೇಕು.

ಮಷೀನು ಹಿಡಿದಿದ್ದವನು ಯಾದಗಿರಿ ಕಡೆಯ ಹುಡುಗ, ಇಪ್ಪತ್ತೈದರ ಆಸುಪಾಸು. ಎರಡು ವರ್ಷದಿಂದ ನಾವಿಬ್ಬರೂ ಹಿಂದಿಯಲ್ಲಿ ಮಾತಾಡಿಕೊಂಡು ಬಂದಿದ್ದೆವು. ಗಾಜು ಉದುರಿದ ಸದ್ದಿಗೆ ಅವನ ಬಾಯಿಂದ ಹೊರಟದ್ದು 'ಯವ್ವಾ!' ಪುಣೆಯಲ್ಲಿ ಕನ್ನಡದವರು ಒಬ್ಬರಿಗೊಬ್ಬರು ಸಿಗುವುದು ಹೀಗೆಯೇ. ಒಂದೇ ಗೇಟಿನಲ್ಲಿ ಓಡಾಡುತ್ತ, ಯಾರಿಗಾದರೂ ಏನಾದರೂ ಆಗುವ ತನಕ ಗೊತ್ತೇ ಆಗುವುದಿಲ್ಲ. 'ಸಾಹೇಬ್ರ, ಇದನ್ನ ನನ್ನ ಪಗಾರದಾಗ ಹಿಡೀತಾರ್ರಿ' ಎಂದ. ಅವನ ಅಂದಾಜು ಸರಿಯಾಗಿತ್ತು. ಸಂಜೆಯೊಳಗೆ ಗುತ್ತಿಗೆದಾರನ ಸೂಪರ್‌ವೈಸರ್ ಬಂದು, ಬಿಲ್ ಕೊಡಿ ಸರ್, ಅವನ ಸಂಬಳದಲ್ಲಿ ಕಡಿದು ಕೊಡುತ್ತೇವೆ ಎಂದು ಬಹಳ ವಿನಯದಿಂದ ಹೇಳಿದ.

ಗ್ಯಾರೇಜಿನವರು ಕೊಟ್ಟ ಅಂದಾಜು ತೆರಿಗೆ ಎಲ್ಲ ಸೇರಿ 4,650 ರೂಪಾಯಿ. ಅದರಲ್ಲಿ ಗಾಜು ಹಾಕುವ ಕೂಲಿ 900. ಹುಡುಗನ ಪಗಾರ ತಿಂಗಳಿಗೆ 13,000. ವಿಮೆಯಿಂದ ತರಿಸಬಹುದಿತ್ತು, ಆದರೆ ಒಂದು ಕ್ಲೇಮು ಹಾಕಿದರೆ ಇಷ್ಟು ವರ್ಷ ಕೂಡಿಬಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಅದು ಗಿಟ್ಟುವ ವ್ಯವಹಾರವಲ್ಲ. ಇನ್ನು ಸಂಬಳದಲ್ಲಿ ಕಡಿಯುವ ಮಾತು. 1936ರ ವೇತನ ಪಾವತಿ ಕಾಯ್ದೆಯೇ ಅದಕ್ಕೆ ಗೆರೆ ಎಳೆದಿತ್ತು. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅವನ ನಿರ್ಲಕ್ಷ್ಯದಿಂದ ಹಾಳಾದರೆ ಕಡಿಯಬಹುದು, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ. ನನ್ನ ಕಾರನ್ನು ಅವನ ಕೈಗೆ ಯಾರೂ ಒಪ್ಪಿಸಿರಲಿಲ್ಲ. ಇದನ್ನು ಹೇಳಿದಾಗ ಸೂಪರ್‌ವೈಸರ್ ನಕ್ಕ. ಕಾಯ್ದೆಯ ಮಾತು ಆಡುವವರನ್ನು ಕಂಡಾಗ ನಗುವ ಒಂದು ನಗೆ ಇದೆಯಲ್ಲ, ಅದು.

ಅವನ ಪಗಾರದಿಂದ ಬರುವ ಒಂದು ಪೈಸೆಯನ್ನೂ ಮುಟ್ಟುವುದಿಲ್ಲ, ಹುಲ್ಲು ಸೊಸೈಟಿಯದು, ಖರ್ಚೂ ಸೊಸೈಟಿಯದು ಎಂದು ಕಮಿಟಿಗೆ ಬರೆದು ಕೊಟ್ಟೆ. ಸಭೆಯಲ್ಲಿ ಗ್ಯಾರೇಜಿನ ಕಾಗದ ಕೈಯಿಂದ ಕೈಗೆ ಹೋಯಿತು. ಒಬ್ಬ ಹಿರಿಯರು 900ರ ಮೇಲೆ ಬೆರಳಿಟ್ಟು ಕೇಳಿದರು: ಗಾಜು ಕೂರಿಸುವುದು ಅರ್ಧ ಗಂಟೆ ಕೆಲಸ, ಫಕ್ತ. ಇದಕ್ಕೆ ಇಷ್ಟೇ? ಮರಾಠಿಯ 'ಫಕ್ತ' ನಮ್ಮ 'ಅಷ್ಟೇ'ಯ ಖಾಸಾ ಅಣ್ಣ. ಕಮಿಟಿ ಕೊಡುತ್ತದೆ ಎಂಬ ಭರವಸೆ ಕಾಣಲಿಲ್ಲ. ಕೊಡದಿದ್ದರೆ ಹೊರಬೇಕಾದವನು ನಾನು. ಹೀಗಾಗಿ ಒಂದು ಭಾನುವಾರ ಗಾಜನ್ನು ಮನೆಯಲ್ಲೇ ಹಾಕಿಕೊಳ್ಳುವುದೆಂದು ತೀರ್ಮಾನಿಸಿದೆ. ಶ್ರಮದ ಘನತೆಯ ಬಗ್ಗೆ ನನಗೆ ಆಗ ಯಾವ ಘನ ವಿಚಾರವೂ ಇರಲಿಲ್ಲ. ಉಳಿತಾಯ ಒಂದು ಕಾರಣ. ಆ ಅರ್ಧ ಗಂಟೆಯೊಳಗೆ ಏನಿದೆ ನೋಡಿಯೇ ಬಿಡೋಣ ಎಂಬ ಕುತೂಹಲ ಇನ್ನೊಂದು.

ಗದಗಿನಿಂದ ಅಪ್ಪ ಫೋನು ಮಾಡಿದಾಗ ವಿಷಯ ಹೇಳಿದೆ. ಹೈಸ್ಕೂಲು ಮಾಸ್ತರಾಗಿ ನಿವೃತ್ತರಾದವರು. ಸೈಕಲ್ ಚೈನು, ಪಂಕ್ಚರು ಎಲ್ಲ ತಾವೇ ಮಾಡಿಕೊಂಡು ಬಂದವರು. 'ಅಲ್ಲೋ, ಗ್ಯಾರೇಜಿನವಗ ಕೊಡಾಕ ರೊಕ್ಕ ಇಲ್ಲೇನ ನಿನಗ? ಎಂಟೆಕ್ ಓದಿಸಿದ್ದು ಇದಕ್ಕೇನ?' ಎಂದು ಬೇಜಾರು ಮಾಡಿಕೊಂಡರು. ಕೈ ಕರಿಯಾಗುವ ಕೆಲಸದಿಂದ ಮಗ ಪಾರಾಗಲಿ ಎಂದೇ ಅವರು ನಮ್ಮನ್ನು ಓದಿಸಿದ್ದು. ಬಡತನದಿಂದ ಮೇಲೆ ಬಂದ ಮನೆಗಳಲ್ಲಿ ವಿದ್ಯೆ ಎಂದರೆ ಅದೇ. ಶಾಲೆಯ ಗೋಡೆಯ ಮೇಲೆ ಕಾಯಕದ ಮಹಿಮೆ ಬರೆಸಿದವರೂ ಇವರೇ. ಈ ಎರಡರ ನಡುವೆ ಅವರಿಗೆ ಯಾವ ವಿರೋಧವೂ ಕಂಡಿರಲಿಕ್ಕಿಲ್ಲ. ನನಗೂ ಅದನ್ನು ವಿರೋಧ ಎನ್ನಲು ಬಾಯಿ ಬರುವುದಿಲ್ಲ. ಮಗನಿಗೆ ಆಯ್ಕೆ ಇರಲಿ ಎಂದು ದುಡಿದವರ ಎದುರು, ನಾನು ಕೈಗೆ ಮಸಿ ಹಚ್ಚಿಕೊಳ್ಳುವುದನ್ನು ಆಯ್ದುಕೊಂಡೆ ಎಂದು ಹೇಳುವುದು ಒಂದು ಬಗೆಯ ಶ್ರೀಮಂತಿಕೆಯೇ.

ಗಾಜು ತಂದದ್ದು ನಾನಾ ಪೇಠೆಯಿಂದ. ಪುಣೆಯಲ್ಲಿ ಗಾಡಿ ಸಾಮಾನು ಎಂದರೆ ಅಲ್ಲಿಗೇ ಹೋಗಬೇಕು. 1,400 ರೂಪಾಯಿ. ಮೂಲೆಯಲ್ಲಿ ಐಎಸ್ 2553 ಗುರುತು ಇದೆಯೇ ನೋಡಿಕೊಂಡೆ. ಅಂಗಡಿಯವರು ವಯಸ್ಸಾದ ಮನುಷ್ಯ, ಗಾಜನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತ, ಯಾರ ಹತ್ತಿರ ಹಾಕಿಸುತ್ತೀರಿ ಎಂದು ಕೇಳಿದರು. ನಾನೇ ಎಂದೆ. ಸುತ್ತುವುದನ್ನು ನಿಲ್ಲಿಸಿ ಹತ್ತು ನಿಮಿಷ ಪಾಠ ಹೇಳಿದರು. ಹಿಂದಿನ ಬಾಗಿಲಿನಲ್ಲಿ ಗಾಜು ಇಳಿಸುವ ಹ್ಯಾಂಡಲ್ ಇರುತ್ತದಲ್ಲ, ಅದರ ಬುಡದಲ್ಲಿ ಕುದುರೆಲಾಳದ ಆಕಾರದ ಪುಟ್ಟ ಸ್ಪ್ರಿಂಗ್ ಲಾಕು ಕೂತಿರುತ್ತದೆ, ಕಣ್ಣಿಗೆ ಕಾಣದು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಹಳೆಯ ಬನಿಯನ್ನಿನ ಪಟ್ಟಿಯನ್ನು ಹ್ಯಾಂಡಲಿನ ಹಿಂದೆ ತೂರಿಸಿ, ಬೂಟು ಪಾಲಿಶ್ ಮಾಡುವವನ ಹಾಗೆ ಆಚೀಚೆ ಎಳೆಯಿರಿ, ತಾನೇ ಜಿಗಿದು ಬರುತ್ತದೆ. ಇನ್ನೊಂದು ಮಾತು, ಗಾಜನ್ನು ಪೂರ್ತಿ ಮೇಲೇರಿಸಿ ರಬ್ಬರಿನಲ್ಲಿ ಕೂತ ಮೇಲೆಯೇ ಬೋಲ್ಟು ಬಿಗಿ ಮಾಡಿ, ಮೊದಲೇ ಬಿಗಿ ಮಾಡಿದರೆ ಸೊಟ್ಟ ಓಡುತ್ತದೆ. ಇದಕ್ಕೆಲ್ಲ ಅವರು ಏನೂ ತೆಗೆದುಕೊಳ್ಳಲಿಲ್ಲ. ನಮ್ಮ ಕಡೆ ಇಂಥದ್ದಕ್ಕೆ ಕನ್ಸಲ್ಟಿಂಗ್ ಎನ್ನುತ್ತಾರೆ, ಗಂಟೆ ಲೆಕ್ಕದಲ್ಲಿ ಬಿಲ್ ಹೋಗುತ್ತದೆ.

ಅವರು ಹೇಳಿದ ಹಾಗೇ ಆಯಿತು. ಲಾಕು ಟಣ್ ಎಂದು ಹಾರಿ ಪಕ್ಕದ ಸ್ಕೂಟರಿನ ಕೆಳಗೆ ಹೋಯಿತು, ಅದನ್ನು ಹುಡುಕಲು ಹತ್ತು ನಿಮಿಷ. ಬಾಗಿಲು ತೆರೆಯುವ ಹಿಡಿಯ ಹಿಂದಿನ ಸ್ಕ್ರೂ ಬಿಚ್ಚಿ, ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಡೋರ್ ಪ್ಯಾಡು ಕಳಚಿದರೆ ಹಿಂದೆ ಕಪ್ಪು ಅಂಟಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಎಸೆದುಬಿಡುವ ಪ್ಯಾಕಿಂಗಿನಂತೆ ಕಾಣುತ್ತದೆ, ಎಸೆಯುವಂತಿಲ್ಲ. ಮಳೆ ಬಂದಾಗ ಗಾಜಿನ ಮೇಲಿಂದ ಇಳಿಯುವ ನೀರು ಬಾಗಿಲಿನ ಹೊಟ್ಟೆಯೊಳಕ್ಕೇ ಹೋಗುತ್ತದೆ, ಹೋಗಲೆಂದೇ ಮಾಡಿದ್ದು. ತಳದಲ್ಲಿರುವ ತೂತುಗಳಿಂದ ಹೊರಗೆ ಹರಿಯುತ್ತದೆ. ಆ ನೀರು ಒಳಗೆ ಕೂತವರ ಕಡೆ ಬಾರದಂತೆ ತಡೆಯುವುದು ಈ ಹಾಳೆ. ಹನ್ನೊಂದು ವರ್ಷ ಆ ಕಾರಿನಲ್ಲಿ ಮಳೆಯಲ್ಲಿ ಓಡಾಡಿದರೂ ನನಗಿದು ಗೊತ್ತಿರಲಿಲ್ಲ.

ಬಾಗಿಲಿನ ತಳದ ತುಂಬ ಗಾಜಿನ ಹರಳು. ಕೈಗವಸು ಹಾಕಿ ಬಾಚಿ, ವ್ಯಾಕ್ಯೂಮ್ ಹಿಡಿದು, ನೀರಿನ ತೂತುಗಳಿಗೆ ಸಿಕ್ಕಿಕೊಂಡಿದ್ದವನ್ನು ಕಡ್ಡಿಯಿಂದ ಚುಚ್ಚಿ ತೆಗೆದದ್ದೇ ಒಂದೂವರೆ ಗಂಟೆ. ಹಿಂಬಾಗಿಲಿನಲ್ಲಿ ಇನ್ನೊಂದು ಫಜೀತಿ ಉಂಟು. ಚಕ್ರದ ಕಮಾನಿಗಾಗಿ ಬಾಗಿಲನ್ನು ಕೊರೆದಿರುವುದರಿಂದ ಗಾಜು ಅಗಲಕ್ಕೆ ಇಳಿಯಲು ಜಾಗವಿಲ್ಲ. ಅದಕ್ಕೇ ಹಿಂದೊಂದು ಅಲುಗಾಡದ ತ್ರಿಕೋನ ಗಾಜು, ನಡುವೆ ಉದ್ದನೆಯ ಚಾನೆಲ್. ಆ ಚಾನೆಲ್ಲಿನ ಸ್ಕ್ರೂ ಸಡಿಲಿಸಿ, ಅದನ್ನು ಹಿಂದಕ್ಕೆ ವಾಲಿಸಿ, ಹೊಸ ಗಾಜನ್ನು ಓರೆಯಾಗಿ ಇಳಿಸಿ, ಒಳಗೆ ಒಂದು ಕೈ ಹಾಕಿ, ಗ್ಯಾರೇಜಿನವರು 'ಮಷೀನು' ಎನ್ನುವ ಆ ಎತ್ತುವ ಸರಂಜಾಮಿನ ಮೇಲೆ ಕೂರಿಸಬೇಕು. ಇನ್ನೊಂದು ಕೈ ಮೇಲೆ ಗಾಜನ್ನು ಹಿಡಿದಿರಬೇಕು. ಅಂಚು ತಗಡಿಗೆ ಬಡಿದರೆ ಮತ್ತೆ ಸಕ್ಕರೆಯಾದೀತು, ಅಂಚೇ ಅದರ ಮರ್ಮಸ್ಥಾನ. ಬೋಲ್ಟು ತಿರುಗಿಸಲು ಮೂರನೆಯ ಕೈ ಬೇಕು. ಆ ಮೂರನೆಯ ಕೈ ಯಾದಗಿರಿಯ ಹುಡುಗನದು. ಕರೆಯದೆ ಬಂದು ನಿಂತಿದ್ದ. '10 ನಂಬರ್ ಪಾನಾ ಕೊಡ್ರಿ ಇಲ್ಲೆ' ಎಂದ. ಊರಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಗೊತ್ತಿದ್ದವನು.

ವಾಚ್‌ಮನ್ ಎರಡು ಸಲ ಬಂದು ನೋಡಿ ಹೋದ. 'ಸಾಹೇಬ, ಹೇ ತುಮಚಂ ಕಾಮ ನಾಹೀ' ಎಂದ, ಇದು ನಿಮ್ಮ ಕೆಲಸವಲ್ಲ ಎಂದು. ಕನಿಕರದಿಂದ ಹೇಳಿದ್ದು. ಆದರೆ ನಮ್ಮ ದೇಶದಲ್ಲಿ ಈ ವಾಕ್ಯ ಬಹಳ ಹಳೆಯದು. ಯಾರ ಕೆಲಸ ಯಾರದಲ್ಲ ಎಂಬುದನ್ನು ನಾವು ಹುಟ್ಟುವ ಮೊದಲೇ ಹಂಚಿಟ್ಟವರು. ಹುಡುಗ ಪಾನಾ ಹಿಡಿದಾಗ ವಾಚ್‌ಮನ್‌ಗೆ ಅದೇನೂ ವಿಚಿತ್ರವಾಗಿ ಕಾಣಲಿಲ್ಲ. ಅವನ ಕೆಲಸ ಹುಲ್ಲು ಕತ್ತರಿಸುವುದಾದರೂ.

ಒಟ್ಟು ಹಿಡಿದದ್ದು ನಾಲ್ಕೂವರೆ ಗಂಟೆ. ಗ್ಯಾರೇಜಿನ ಹುಡುಗನಿಗೆ ನಿಜವಾಗಿಯೂ ಅರ್ಧ ಗಂಟೆಯೇ ಸಾಕಾದೀತು. ಈ ನಾಲ್ಕು ಗಂಟೆಯ ಅಂತರ ಎಲ್ಲಿ ಹೋಯಿತು?

ಇದೇ ಪ್ರಶ್ನೆ 1878ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬಂದಿತ್ತು. ಚಿತ್ರಕಾರ ವಿಸ್ಲರ್ ಒಂದು ಚಿತ್ರಕ್ಕೆ 200 ಗಿನಿ ಬೆಲೆ ಇಟ್ಟಿದ್ದ. ವಿಮರ್ಶಕನೊಬ್ಬ ಅದನ್ನು ಹೀನಾಯವಾಗಿ ಹಳಿದು ಬರೆದ, ವಿಸ್ಲರ್ ಮಾನನಷ್ಟದ ದಾವೆ ಹೂಡಿದ. ಎರಡು ದಿನದ ದುಡಿಮೆಗೆ ಇಷ್ಟು ಹಣವೇ ಎಂದು ಎದುರು ವಕೀಲ ಕೇಳಿದಾಗ, ಅಲ್ಲ, ಜೀವಮಾನವಿಡೀ ಗಳಿಸಿದ ಅರಿವಿಗೆ ಎಂಬ ಅರ್ಥದಲ್ಲಿ ವಿಸ್ಲರ್ ಉತ್ತರಿಸಿದ. ಗೆದ್ದ, ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿಯಾದ. ಆ ವಿಮರ್ಶಕ ಯಾರು ಎಂದರೆ ಜಾನ್ ರಸ್ಕಿನ್. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಓದಿದ 'ಅನ್ ಟು ದಿಸ್ ಲಾಸ್ಟ್' ಬರೆದ ಅದೇ ರಸ್ಕಿನ್. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಗಾಂಧೀಜಿ ಆ ಪುಸ್ತಕದಿಂದ ಎತ್ತಿಕೊಂಡ ಪಾಠಗಳಲ್ಲೊಂದು. ಫೀನಿಕ್ಸ್ ಆಶ್ರಮದಲ್ಲಿ ಎಲ್ಲರಿಗೂ ತಿಂಗಳಿಗೆ 3 ಪೌಂಡಿನ ಒಂದೇ ಭತ್ಯೆ ಎಂದು ಗೊತ್ತುಮಾಡಿದ್ದೂ ಅದರ ಪ್ರಭಾವದಿಂದಲೇ.

ಎರಡು ಅಳತೆಗೋಲುಗಳು ಇವು. ವಿಸ್ಲರನ ಕೋಲಿನಿಂದ ಅಳೆದರೆ ಅರ್ಧ ಗಂಟೆಯೊಳಗೆ ಹತ್ತು ವರ್ಷ ಮಡಚಿಕೊಂಡಿದೆ, 900 ಹೆಚ್ಚಲ್ಲ. ಗಾಂಧೀಜಿಯ ಕೋಲಿನಿಂದ ಅಳೆದರೆ ಹೊಟ್ಟೆಗಳು ಒಂದೇ, ಗಂಟೆಗಳೂ ಒಂದೇ. ಯಾವುದು ಸರಿ ಎಂದು ತೀರ್ಪು ಕೊಡುವ ಮುಂಚೆ ನಾವು ಯಾವುದನ್ನು ಯಾರಿಗೆ ಬಳಸುತ್ತೇವೆ ನೋಡಬೇಕು. ನನ್ನ ಸಂಬಳದ ವಿಷಯ ಬಂದಾಗ ನಾನು ಅಪ್ಪಟ ವಿಸ್ಲರ್. ಅಪ್ರೈಸಲ್ಲಿನಲ್ಲಿ 'ಅನುಭವ' ಎಂಬ ಪದವನ್ನು ಎಷ್ಟು ಸಲ ಬಳಸಿದ್ದೇನೆಂಬ ಲೆಕ್ಕವಿಲ್ಲ. ಗಾಂಧೀಜಿಯನ್ನು ಅಕ್ಟೋಬರ್ 2ರಂದು ನೆನೆಯುತ್ತೇವೆ. ಹುಡುಗನ ವಿಷಯ ಬಂದಾಗ ಎರಡೂ ಕೋಲನ್ನು ಕೆಳಗಿಟ್ಟು, ಗೇಟಿನ ಹೊರಗೆ ಇದೇ ಕೆಲಸಕ್ಕೆ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸುತ್ತೇವೆ. ಅವನ ದಿನದ ಕೂಲಿ 500 ಎಂದು ನಿರ್ಧಾರವಾದದ್ದು ಹಾಗೆ. ಗ್ಯಾರೇಜಿನ ಅರ್ಧ ಗಂಟೆ ಅವನ ಸುಮಾರು ಎರಡು ದಿನಕ್ಕೆ ಸಮ. ಆ 900 ಕೂಡ ಪಾನಾ ತಿರುಗಿಸುವ ಹುಡುಗನಿಗೆ ಪೂರ್ತಿ ಸಿಗುವುದಿಲ್ಲ ಎನ್ನುವುದು ಬೇರೆ ಮಾತು.

ಹನ್ನೆರಡನೆಯ ಶತಮಾನದ ಕಲ್ಯಾಣದ ಕತೆಯೊಂದು ನಮಗೆಲ್ಲ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಿ ಬಾ ಎಂದಳಂತೆ. ಅದನ್ನು ದುಡಿಯುವವನು ಎಷ್ಟು ತೆಗೆದುಕೊಳ್ಳಬೇಕು ಎಂಬ ಪಾಠವಾಗಿ ನಾವು ಹೇಳುತ್ತ ಬಂದಿದ್ದೇವೆ. ಆಯುವವರಿಗೆ ಹೇಳಿದ್ದಾಯಿತು. ದುಡಿಸಿಕೊಳ್ಳುವವನು ಎಷ್ಟು ಉಳಿಸಿಕೊಳ್ಳಬಹುದು ಎಂದು ಲಕ್ಕಮ್ಮ ನಮ್ಮ ಕಮಿಟಿಯ ಎದುರು ನಿಂತು ಕೇಳಿದ್ದರೆ ಏನು ಹೇಳುತ್ತಿದ್ದೆವು?

ಇದು ಸುಮ್ಮನೆ ಹೇಳಿದ ಮಾತಲ್ಲ, ಕಾರಣವಿದೆ. ಬೋಲ್ಟು ಬಿಗಿ ಮಾಡುವಾಗ ಹುಡುಗ ತಾನಾಗಿ ಹೇಳಿದ: 'ಗಾಡಿ ಬಾಜೂಕ ಹುಲ್ಲ ಹೊಡೀಬೇಕಾದ್ರ ಇಬ್ಬರು ಬೇಕ್ರಿ. ಒಬ್ಬಾವ ಪರದೆ ಹಿಡೀಬೇಕು. ಮೊದಲ ಇದ್ದ ಒಬ್ಬಾವ, ತಗದ್ರು.' ರಸ್ತೆ ನಡುವಿನ ಹುಲ್ಲು ಕತ್ತರಿಸುವಾಗ ಬಲೆ ಹಿಡಿದುಕೊಂಡು ಜೊತೆಗೆ ನಡೆಯುವವರನ್ನು ನೀವೂ ನೋಡಿರಬಹುದು. ಕಳೆದ ವರ್ಷದ ಬಜೆಟ್ಟಿನಲ್ಲಿ ನಮ್ಮ ಕಮಿಟಿ ಆ ಎರಡನೆಯವನನ್ನು ಕಡಿತ ಮಾಡಿತ್ತು. ಹುಲ್ಲು ಕತ್ತರಿಸುವುದು ತಾನೆ, ಒಬ್ಬ ಸಾಕು. ಕಲ್ಲು ಹಾರುತ್ತದೆ ಎಂಬುದು ಹುಡುಗನಿಗೆ ಗೊತ್ತಿತ್ತು, ಸೂಪರ್‌ವೈಸರಿಗೆ ಹೇಳಿಯೂ ಇದ್ದ. ವಿಸ್ಲರನ ಭಾಷೆಯಲ್ಲಿ ಅದೂ ಜೀವಮಾನದ ಅರಿವೇ. ಅದಕ್ಕೆ ಬೆಲೆ ಕಟ್ಟುವ ಕಾಲಂ ಯಾವ ಎಕ್ಸೆಲ್ಲಿನಲ್ಲೂ ಇರಲಿಲ್ಲ. ಒಂದು ವರ್ಷ ಒಬ್ಬನ ಪಗಾರ ಉಳಿಯಿತು, ಆ ಉಳಿತಾಯದ ಅಪಾಯ ಮಾತ್ರ ಉಳಿದವನ ತಲೆಯ ಮೇಲೆ ಬಂತು.

ಆಫೀಸಿನ ಗೆಳೆಯರೊಬ್ಬರು ಬೇರೊಂದು ಆಕ್ಷೇಪ ತೆಗೆದರು. ನೀನೇ ಗಾಜು ಹಾಕಿಕೊಂಡರೆ ಗ್ಯಾರೇಜಿನವನ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ? ಮನೆಯಲ್ಲಿ ಅಡಿಗೆ ಮಾಡಿದರೆ ಖಾನಾವಳಿಯವನ ಹೊಟ್ಟೆಗೆ ಹೊಡೆದಂತೆ ಎನ್ನುವುದಾದರೆ ಇದೂ ಹೌದು. ಈ ಆಕ್ಷೇಪ ನನಗೆ ಅಷ್ಟು ಭಾರವೆನಿಸಲಿಲ್ಲ. ಭಾರವೆನಿಸಿದ್ದು ಅದರ ಇನ್ನೊಂದು ಮುಖ. ಉಳ್ಳವನು ಒಂದು ಕೆಲಸವನ್ನು ಹವ್ಯಾಸಕ್ಕೆ, ಪುಕ್ಕಟೆ ಮಾಡಿ ತೋರಿಸಿದರೆ, ಅದನ್ನೇ ಹೊಟ್ಟೆಪಾಡಿಗೆ ಮಾಡುವವನ ಕೂಲಿ ದರೋಡೆಯಂತೆ ಕಾಣತೊಡಗುತ್ತದೆ. 'ನೋಡಿ, ಅವರೇ ಮಾಡಿಕೊಂಡರು, ಅಷ್ಟೇ!' ಎಂಬ ಮಾತು ಹೊರಡುತ್ತದೆ. ನನಗೆ ಅವಸರವಿರಲಿಲ್ಲ, ಬೈಯುವ ಮಾಲೀಕನಿರಲಿಲ್ಲ, ಗಾಜು ಒಡೆದರೆ ಪಗಾರದಲ್ಲಿ ಕಡಿಯುವವರಿರಲಿಲ್ಲ, ನಡುವೆ ಎರಡು ಸಲ ಚಹಾ ಬಂತು. ಈ ಸ್ಥಿತಿಯಲ್ಲಿ ಮಾಡಿದ ಕೆಲಸವನ್ನು ಕೂಲಿಯ ದರಕ್ಕೆ ಸಾಕ್ಷಿಯಾಗಿ ಬಳಸಲು ನಾನು ಬಿಡಬಾರದು ಎನಿಸಿತು.

ಆದ್ದರಿಂದ ಕಮಿಟಿಗೆ ಕೊಟ್ಟ ಬಿಲ್ಲಿನಲ್ಲಿ ಮೂರು ಸಾಲು ಬರೆದೆ. ಗಾಜು 1,400. ಅಂಟು, ಹೊಸ ಕ್ಲಿಪ್ಪು 150. ಕೂಲಿ 900. ಖಜಾಂಚಿ ಕನ್ನಡಕ ತೆಗೆದು ಕೇಳಿದರು: ಕೂಲಿ ಯಾರಿಗೆ? ನೀವೇ ಅಲ್ಲವೇ ಹಾಕಿದ್ದು? ಗ್ಯಾರೇಜಿನವನು ಹಾಕಿದ್ದರೆ ಎಷ್ಟೋ ಅಷ್ಟು, ನಾನು ಇಟ್ಟುಕೊಳ್ಳುವುದಿಲ್ಲ, ಅರ್ಧ ಪಾನಾ ಹಿಡಿದ ಹುಡುಗನಿಗೆ, ಅರ್ಧ ಪರದೆಯ ಬಲೆಗೆ ಎಂದೆ. ಜೊತೆಗೆ ಎರಡನೆಯ ಆಳನ್ನು ಮತ್ತೆ ತೆಗೆದುಕೊಳ್ಳಬೇಕೆಂಬ ಠರಾವನ್ನೂ ಇಟ್ಟೆ. ಸಭೆ ಬಹಳ ಹೊತ್ತು ನಡೆಯಿತು. ನಾನು ಹುಡುಗನ ಪರ ಮಾತಾಡುತ್ತಿರುವುದು ಅವನು ನಮ್ಮ ಕಡೆಯವನೆಂದು ಎಂಬ ಮಾತೂ ಬಂತು. ನಮ್ಮ ಕಡೆಯವನು ಹೌದು. ಲಾತೂರಿನವನಾಗಿದ್ದರೆ ಈ ಲೆಕ್ಕದ ಯಾವ ಸಾಲು ಬದಲಾಗುತ್ತಿತ್ತು ಎಂದು ಕೇಳಿದೆ. ಉತ್ತರ ಬರಲಿಲ್ಲ.

ನಡಾವಳಿಯ ಪುಸ್ತಕದಲ್ಲಿ ಈಗ ಇರುವುದು ಹೀಗೆ. ಗಾಜು ಮತ್ತು ಸಾಮಾನು, 1,550, ಮಂಜೂರು. ಪಗಾರದಲ್ಲಿ ಕಡಿತ ಇಲ್ಲ. ಕೂಲಿ, ಸದಸ್ಯರು ಸ್ವತಃ ಮಾಡಿಕೊಂಡಿದ್ದರಿಂದ ಅನ್ವಯಿಸುವುದಿಲ್ಲ. ಎರಡನೆಯ ಆಳು ಮತ್ತು ಪರದೆ, ಮುಂದಿನ ಸಭೆಗೆ. 450 ರೂಪಾಯಿಯನ್ನು ನಾನು ಕೈಯಿಂದ ಹುಡುಗನಿಗೆ ಕೊಡಲು ಹೋದರೆ, 'ಪಾನಾ ಹಿಡಿದಿದ್ದಕ್ಕ ರೊಕ್ಕ ತಗೋತಾರೇನ್ರಿ' ಎಂದು ಹಿಂದೆ ಸರಿದ. ಕಾರುಗಳ ಪಕ್ಕದ ಹುಲ್ಲನ್ನು ಅವನೀಗ ಮಷೀನು ಬಿಟ್ಟು ಕುಡುಗೋಲಿನಿಂದ ಕೊಯ್ಯುತ್ತಾನೆ. ಇಡೀ ಬೆಳಗು ಹಿಡಿಯುತ್ತದೆ. ನಿಧಾನವಾಯಿತು ಎಂದು ಸೂಪರ್‌ವೈಸರ್ ಮೊನ್ನೆ ನನ್ನೆದುರೇ ಅವನಿಗೆ ಹೇಳುತ್ತಿದ್ದ.